ಹಡಗು ತಪ್ಪಿದವರ ತಲೆಗೆ ಕಟ್ಟಿದ ತಪ್ಪು

ಮೇ ತಿಂಗಳು ಬಂತೆಂದರೆ ಸಿಯಾಟಲ್ ಬಂದರಿನಿಂದ ಅಲಾಸ್ಕಾ ಕಡೆಗೆ ಕ್ರೂಸ್ ಹಡಗುಗಳು ಒಂದರ ಹಿಂದೊಂದು ಹೊರಡುತ್ತವೆ. ಅದೇ ಹೊತ್ತಿಗೆ ದಾವಣಗೆರೆ, ಹಾಸನ, ಧಾರವಾಡಗಳಿಂದ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಅಪ್ಪ ಅಮ್ಮಂದಿರೂ ಬಂದಿಳಿದಿರುತ್ತಾರೆ. ಹಿಮನದಿ ತೋರಿಸೋಣ, ದಿನಕ್ಕೊಂದು ಹೋಟೆಲ್ ಬದಲಿಸುವ ತಾಪತ್ರಯ ಇರುವುದಿಲ್ಲ ಎಂದು ಮಕ್ಕಳು ಏಳು ರಾತ್ರಿಯ ಟಿಕೆಟ್ ಮಾಡಿಸುತ್ತಾರೆ. ಹೊರಡುವುದು ಅಮೆರಿಕದಿಂದ, ನೋಡುವುದು ಅಮೆರಿಕದ್ದೇ ಆದ ಅಲಾಸ್ಕಾವನ್ನು, ವಾಪಸ್ ಬಂದು ಇಳಿಯುವುದೂ ಅಮೆರಿಕದಲ್ಲೇ. ಹಿರಿಯರ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಅಮೆರಿಕ ವೀಸಾ ಇದೆ. ಟರ್ಮಿನಲ್ ಕೌಂಟರಿನಲ್ಲಿ ಸಿಬ್ಬಂದಿ ಆ ಪುಟ ನೋಡಿ, ಮುಂದಿನ ಪುಟ ತಿರುವಿ, ಮತ್ತೆ ಹಿಂದಕ್ಕೆ ತಿರುವಿ, "ಕೆನಡಾ ವೀಸಾ ಎಲ್ಲಿ?" ಎಂದು ಕೇಳುತ್ತಾರೆ. ಸೂಟ್‌ಕೇಸುಗಳನ್ನು ಬಾಗಿಲಲ್ಲೇ ಪೋರ್ಟರ್‌ಗಳ ಕೈಗೆ ಒಪ್ಪಿಸಿಯಾಗಿದೆ. ಅವು ಹಡಗಿನ ದಾರಿ ಹಿಡಿದಿವೆ. ಜನ ಇಲ್ಲೇ ಉಳಿಯಬೇಕು.

ಸಿಯಾಟಲ್‌ಗೆ ಮರಳುವ ಮುನ್ನ ಈ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದ ಗ್ರೀನ್ ಕಾರ್ಡ್ ಇಲ್ಲದವರಿಗೆ ಅಷ್ಟಕ್ಕೇ ಕೆನಡಾ ವೀಸಾ ಬೇಕು. "ನಾವು ಕೆಳಗೆ ಇಳಿಯುವುದೇ ಇಲ್ಲ, ರೂಮಿನಲ್ಲೇ ಇರುತ್ತೇವೆ" ಎಂದು ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ. ಆ ವೀಸಾ ಒಂದೆರಡು ಗಂಟೆಯಲ್ಲಿ ಸಿಗುವಂಥದ್ದೂ ಅಲ್ಲ.

ಇಂಥ ಸುದ್ದಿ ಊರು ಮುಟ್ಟಿದಾಗ ಬರುವ ಮಾತು ಹೆಚ್ಚುಕಡಿಮೆ ಒಂದೇ. "ಮೊದಲೇ ನೋಡ್ಕೋಬಾರ್ದಿತ್ತಾ? ಅಷ್ಟೆಲ್ಲ ಓದಿದವರಿಗೆ ಟಿಕೆಟ್ ಓದೋಕೆ ಏನಾಗಿತ್ತು?" ಬಂಧುಗಳು ಇದನ್ನು ಮರುಕದಿಂದ ಹೇಳುತ್ತಾರೆ, ಟ್ರಾವೆಲ್ ಏಜೆಂಟರು ಖಡಾಖಂಡಿತವಾಗಿ ಹೇಳುತ್ತಾರೆ, ಕ್ರೂಸ್ ಕಂಪನಿಗಳು ಒಪ್ಪಂದದ ಷರತ್ತನ್ನು ಮುಂದೆ ಹಿಡಿಯುತ್ತವೆ. ಪ್ರವಾಸದ ಬಗ್ಗೆ ಬರೆಯುವವರ ಸಲಹೆಯೂ ಇದೇ ಜಾಡಿನದು: ಬೇಗ ಹೊರಡಿ, ಕಾಗದಪತ್ರ ಸರಿಯಾಗಿಟ್ಟುಕೊಳ್ಳಿ, ನಿಯಮ ಓದಿ. ಹಡಗು ತಪ್ಪಿತೆಂದರೆ ಇವುಗಳಲ್ಲಿ ಯಾವುದನ್ನೋ ನೀವು ಮಾಡಿಲ್ಲ ಎಂದೇ ಅರ್ಥ.

ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುವ ಈ ವಾದ ಕೊನೆಗೆ ಬಚಾವು ಮಾಡುವುದು ದುಡ್ಡು ಪಡೆದವರನ್ನು. ಕೌಂಟರಿನಲ್ಲಿ ಬಯಲಾಗುವ ತೊಡಕುಗಳಲ್ಲಿ ಎಷ್ಟೋ ಹುಟ್ಟಿದ್ದು ಟಿಕೆಟ್ ಮಾರಿದ ದಿನವೇ. ಪ್ರಯಾಣಿಕ ಯಾವ ದೇಶದವನು, ಹುಟ್ಟಿದ್ದು ಯಾವಾಗ, ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ಎಂಬುದನ್ನು ಬುಕಿಂಗ್ ಹೊತ್ತಿನಲ್ಲೇ ಬರೆಸಿಕೊಳ್ಳಬಹುದು. ಹಡಗು ಯಾವ ಯಾವ ಬಂದರು ಮುಟ್ಟುತ್ತದೆ ಎಂಬುದಂತೂ ಮಾರುವವರಿಗೇ ಗೊತ್ತು. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿ "ನೀವು ಈ ಹಡಗು ಹತ್ತಬೇಕಾದರೆ ಇಂಥ ವೀಸಾ ಬೇಕು" ಎಂದು ಒಂದು ಮಾತು ಹೇಳುವ ಹೊಣೆಯನ್ನು ಅವರು ಹೊರುವುದಿಲ್ಲ. ಹೇಳದೆ ಹಣ ತೆಗೆದುಕೊಂಡವರ ತಪ್ಪು ಲೆಕ್ಕಕ್ಕೇ ಬಾರದೆ, ಗೊತ್ತಿಲ್ಲದೆ ಹಣ ಕೊಟ್ಟವರ ತಪ್ಪೇ ದೊಡ್ಡದಾಗುವುದು ಅನ್ಯಾಯ.

ವಿಕ್ಟೋರಿಯಾ ನಿಲುಗಡೆಯ ಹಿನ್ನೆಲೆಯನ್ನೇ ನೋಡಿ. ಸಾಮಾನ್ಯ ಪ್ರಯಾಣಿಕ ಇದನ್ನು ತಾನಾಗಿ ಊಹಿಸಬೇಕಿತ್ತು ಎನ್ನುವುದು ಎಷ್ಟು ಅಸಂಬದ್ಧ ಎಂಬುದು ಆಗ ತಿಳಿಯುತ್ತದೆ. ತನ್ನ ಹಡಗು ಉದ್ಯಮವನ್ನು ಕಾಪಾಡಿಕೊಳ್ಳಲು ಅಮೆರಿಕ 1886ರಲ್ಲಿ ಒಂದು ಕಾನೂನು ಮಾಡಿತು. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಮೀರಿದರೆ ತಲೆಗಿಷ್ಟು ಎಂದು ದಂಡ. ಇವತ್ತಿನ ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾಗಳಲ್ಲಿ ನೋಂದಣಿಯಾದವು. ಹಾಗಾಗಿ ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗಿ ಬರುವ ಹಡಗು ನಡುವೆ ಎಲ್ಲಾದರೂ ಒಂದು ವಿದೇಶಿ ನೆಲ ಮುಟ್ಟಲೇಬೇಕು. ಅದಕ್ಕಾಗಿಯೇ ಕೆನಡಾದ ನಿಲುಗಡೆ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಕ್ರೂಸ್ ಹಡಗುಗಳಿಗೆ ಮುಚ್ಚಿದಾಗ, ಅಲಾಸ್ಕಾದ ಪ್ರವಾಸೋದ್ಯಮ ಉಳಿಯಲಿ ಎಂದು 2021ರ ಮೇ ತಿಂಗಳಲ್ಲಿ ಅಮೆರಿಕ ಪ್ರತ್ಯೇಕ ಕಾಯ್ದೆಯನ್ನೇ ತಂದು ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಹಡಗು ಕಂಪನಿಗಳಿಗೆ ಈ ಕಾನೂನಿನ ಇಂಚಿಂಚೂ ಗೊತ್ತು, ತಮ್ಮ ಮಾರ್ಗಗಳನ್ನೇ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡಿವೆ. ಜಾಹೀರಾತಿನಲ್ಲಿ ಮಾತ್ರ ವಿಕ್ಟೋರಿಯಾ ಎಂದರೆ ಹೂದೋಟಗಳ ಊರು.

ಇದೇ ಕಾನೂನಿನಿಂದ ಇನ್ನೊಂದು ಪೇಚು. ಸಿಯಾಟಲ್‌ನಲ್ಲಿ ಹಡಗು ತಪ್ಪಿಸಿಕೊಂಡವರಿಗೆ "ವಿಮಾನದಲ್ಲಿ ಹೋಗಿ ಅಲಾಸ್ಕಾದ ಜೂನೋದಲ್ಲಿ ಹತ್ತಿಕೊಳ್ಳಿ" ಎಂದು ಹಿತೈಷಿಗಳು ಸೂಚಿಸುತ್ತಾರೆ. ಜೂನೋದಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿದರೆ ಅದು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಮಾಡಿದ ಪ್ರಯಾಣವಾಗುತ್ತದೆ. ನಡುವೆ ವಿಕ್ಟೋರಿಯಾ ಮುಟ್ಟಿದರೂ ಆ ತೊಡಕು ಬಗೆಹರಿಯುವುದಿಲ್ಲ, ಏಕೆಂದರೆ ಅಂಥ ಪ್ರಯಾಣಕ್ಕೆ ಕಾನೂನು ಕೇಳುವುದು ದೂರದ ವಿದೇಶಿ ಬಂದರನ್ನು, ಕೆನಡಾ ಹತ್ತಿರದ್ದು. ಅಂದಮೇಲೆ ಮೊದಲ ಬಂದರಿನಲ್ಲಿ ಬಿಟ್ಟುಹೋದವರಿಗೆ ಮುಂದಿನ ಬಂದರಿನ ದಾರಿಯೂ ಅನೇಕ ಸಲ ಮುಚ್ಚಿರುತ್ತದೆ.

ಫ್ಲೋರಿಡಾದಿಂದ ಬಹಾಮಾಸ್‌ಗೆ ಹೋಗಿಬರುವ ಮೂರು ನಾಲ್ಕು ದಿನಗಳ ಪ್ರವಾಸ ಇನ್ನೂ ಕಗ್ಗಂಟು. ಬೆಂಗಳೂರಿನಿಂದ ಹೋಗಿ ಅಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುವ ಎಷ್ಟೋ ಮಂದಿಯ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ. ಕೆಲಸ ಮಾಡುವ ಅನುಮತಿ ಮುಂದುವರಿದಿರುತ್ತದೆ, ಆದ್ದರಿಂದ ಅಲ್ಲಿ ಇರುವುದಕ್ಕೆ ಅಡ್ಡಿಯಿಲ್ಲ. ಅಂಥವರು ಕೆನಡಾಕ್ಕೋ ಮೆಕ್ಸಿಕೋಗೋ 30 ದಿನದೊಳಗೆ ಹೋಗಿ ಬಂದರೆ ಹಳೆಯ ಮುದ್ರೆಯಲ್ಲೇ ಒಳಬರಲು ಅಮೆರಿಕದ ನಿಯಮಗಳಲ್ಲಿ ಅವಕಾಶವಿದೆ. ಕೆರಿಬಿಯನ್ ದ್ವೀಪಗಳಿಗೆ ಹೋದರೆ ಆ ಅವಕಾಶ ಇಲ್ಲ. ಆದರೆ ಎಫ್-1 ವೀಸಾದ ವಿದ್ಯಾರ್ಥಿಗೆ ಕ್ಯೂಬಾ ಬಿಟ್ಟು ಆ ದ್ವೀಪಗಳಿಗೂ ಅದೇ ಅವಕಾಶ ಉಂಟು. ಒಂದೇ ಮನೆಯ ಅಣ್ಣ ತಮ್ಮ, ಒಂದೇ ಬಣ್ಣದ ಪಾಸ್‌ಪೋರ್ಟ್, ಒಂದೇ ಹಡಗು. ಓದುತ್ತಿರುವ ತಮ್ಮ ಬಹಾಮಾಸ್‌ಗೆ ಹೋಗಿ ಬರಬಹುದು, ಕೆಲಸದಲ್ಲಿರುವ ಅಣ್ಣ ಹೋದರೆ ಹೊಸ ಮುದ್ರೆಯಿಲ್ಲದೆ ಒಳಬರುವಂತಿಲ್ಲ. ಪಕ್ಕದಲ್ಲೇ ಅಮೆರಿಕನ್ ಪ್ರಜೆಯೊಬ್ಬ ಜನನ ಪತ್ರ ಮತ್ತು ಡ್ರೈವಿಂಗ್ ಲೈಸೆನ್ಸ್ ತೋರಿಸಿ ಹಡಗು ಹತ್ತುತ್ತಾನೆ, ಏಕೆಂದರೆ ಹೊರಟ ಬಂದರಿಗೇ ಮರಳುವ ಪ್ರವಾಸಗಳಲ್ಲಿ ಅವನಿಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ. ಕ್ರೂಸ್ ಕುರಿತ ಬಹಳಷ್ಟು ಸಲಹೆಗಳನ್ನು ಬರೆದದ್ದು ಆ ಪ್ರಜೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮವರು ಅದನ್ನೇ ನಂಬಿ ಹೋಗುತ್ತಾರೆ.

ಯುರೋಪಿನ ಕಡೆಗೆ ಬಂದರೆ ಒಂದು ಪುಟ್ಟ ಅಂಕಿ ಇಡೀ ಪ್ರವಾಸವನ್ನು ತಡೆಯುತ್ತದೆ. ಷೆಂಗೆನ್ ವೀಸಾ ಚೀಟಿಯ ಮೇಲೆ ಎಷ್ಟು ಸಲ ಪ್ರವೇಶ ಎಂಬ ಜಾಗವೊಂದಿದೆ. ಅಲ್ಲಿ 01 ಎಂದಿರುತ್ತದೆ, 02 ಎಂದಿರುತ್ತದೆ, ಇಲ್ಲವೇ ಹಲವು ಸಲ ಎಂಬುದಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರ. ಅಥೆನ್ಸ್ ಪಕ್ಕದ ಪಿರೇಯಸ್‌ನಿಂದ ಹೊರಟ ಹಡಗು ಟರ್ಕಿಯ ಕುಸಾದಸಿ ಮುಟ್ಟಿ ಗ್ರೀಸಿನ ದ್ವೀಪಗಳಿಗೆ ಮರಳಿದರೆ ಪ್ರಯಾಣಿಕ ಷೆಂಗೆನ್ ಗಡಿ ದಾಟಿ ಮತ್ತೆ ಒಳಬಂದ ಹಾಗೆ. ಚೀಟಿಯಲ್ಲಿ 01 ಇದ್ದರೆ ಅವನ ಪ್ರವೇಶ ಅಥೆನ್ಸ್ ವಿಮಾನ ನಿಲ್ದಾಣದಲ್ಲೇ ಖರ್ಚಾಗಿದೆ. ಹೀಗಾಗಿ ಇಂಥ ಮಾರ್ಗಗಳಿಗೆ ಹಡಗು ಕಂಪನಿಗಳು ಮಲ್ಟಿಪಲ್ ಎಂಟ್ರಿ ವೀಸಾ ಕೇಳುತ್ತವೆ. ವೀಸಾ ಅರ್ಜಿ ತುಂಬಿದವರು ಯಾರು? ಎಷ್ಟೋ ಸಲ ಪ್ಯಾಕೇಜ್ ಮಾರಿದ ಅದೇ ಏಜೆನ್ಸಿ. ಹಡಗಿನ ಮಾರ್ಗವನ್ನು ಎದುರಿಗಿಟ್ಟುಕೊಂಡೇ ಅರ್ಜಿ ತುಂಬಿ, ಒಂದೇ ಪ್ರವೇಶದ ವೀಸಾ ಬಂದಾಗ "ವೀಸಾ ಆಯ್ತು ಸಾರ್, ಆರಾಮಾಗಿ ಹೋಗಿ ಬನ್ನಿ" ಎಂದು ಕೈಗಿತ್ತವರ ಹೊಣೆ ಎಲ್ಲಿಗೆ ಹೋಯಿತು?

ಹೆಸರಿನ ತಂಟೆ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವುದು. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಸ್ವಂತ ಹೆಸರು. ಮನೆತನದ ಹೆಸರು ಇಲ್ಲವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಎಲ್ಲವೂ ಕೊಟ್ಟ ಹೆಸರಿನ ಜಾಗದಲ್ಲಿ ಸೇರಿ, ಸರ್‌ನೇಮ್ ಜಾಗ ಖಾಲಿ ಉಳಿಯುತ್ತದೆ. ಅಮೆರಿಕದ ವೀಸಾದಲ್ಲಿ ಅದು ತಿರುವುಮುರುವಾಗುತ್ತದೆ: ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಕೊಟ್ಟ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಕೂರುತ್ತದೆ. ಕ್ರೂಸ್ ಬುಕಿಂಗಿನ ಫಾರ್ಮ್ ಖಾಲಿ ಜಾಗ ಒಪ್ಪುವುದಿಲ್ಲ. ಏಜೆಂಟ್ ತೋಚಿದಂತೆ ಮಾಡುತ್ತಾನೆ. ಒಬ್ಬ ಮಂಜುನಾಥನನ್ನು ಮಂಜುನಾಥ ಮಂಜುನಾಥ ಎಂದು ಬರೆಯುತ್ತಾನೆ, ಇನ್ನೊಬ್ಬ ತಂದೆಯ ಹೆಸರನ್ನು ಸರ್‌ನೇಮ್ ಮಾಡುತ್ತಾನೆ. ಟಿಕೆಟ್ ಒಂದು, ಪಾಸ್‌ಪೋರ್ಟ್ ಇನ್ನೊಂದು, ವೀಸಾ ಮತ್ತೊಂದು. ಯುಎಇಯಂತೂ ಒಂದೇ ಪದದ ಹೆಸರಿದ್ದು ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು 2022ರ ನವೆಂಬರ್‌ನಲ್ಲಿ ಹೇಳಿತು. ದುಬೈಯಿಂದ ಹಡಗು ಹತ್ತಬೇಕೆಂದವರಿಗೆ ಇದು ಮೊದಲ ಬಾಗಿಲಲ್ಲೇ ಬೀಗ. ಈ ಹೆಸರಿಡುವ ಕ್ರಮ ತಲೆಮಾರುಗಳಿಂದ ನಡೆದುಬಂದದ್ದು. ಲಕ್ಷಾಂತರ ದಕ್ಷಿಣ ಭಾರತೀಯರ ಹಣಕ್ಕೆ ಕೈಯೊಡ್ಡುವ ಉದ್ದಿಮೆ ಅವರ ಹೆಸರನ್ನು ಸರಿಯಾಗಿ ಬರೆದುಕೊಳ್ಳುವ ದಾರಿಯನ್ನೂ ಮಾಡಿಕೊಡಬೇಕಿತ್ತು.

ಊರಿನ ಹೆಸರುಗಳೂ ದಾರಿ ತಪ್ಪಿಸುತ್ತವೆ. ಕ್ರೂಸ್ ಭಾಷೆಯಲ್ಲಿ ರೋಮ್ ಎಂದರೆ ಸುಮಾರು 70 ಕಿಲೋಮೀಟರ್ ಆಚೆಯ ಚಿವಿತಾವೆಕ್ಕಿಯಾ. ಲಂಡನ್ ಎಂದರೆ ಸೌತಾಂಪ್ಟನ್, ಬರ್ಲಿನ್ ಎಂದರೆ 200 ಕಿಲೋಮೀಟರಿಗೂ ದೂರದ ಬಾಲ್ಟಿಕ್ ತೀರದ ವಾರ್ನೆಮುಂಡೆ, ಬ್ಯಾಂಕಾಕ್ ಎಂದರೆ ಲೆಮ್ ಚಬಾಂಗ್. ಸಿಂಗಪುರದಲ್ಲಿ ಹಾರ್ಬರ್‌ಫ್ರಂಟ್‌ನದೊಂದು ಟರ್ಮಿನಲ್, ಮರೀನಾ ಬೇಯದು ಇನ್ನೊಂದು. ಸಿಯಾಟಲ್‌ನಲ್ಲೂ ಪಿಯರ್ 66 ಬೇರೆ, ಪಿಯರ್ 91 ಬೇರೆ. ಬೋರ್ಡಿಂಗ್ ಪಾಸಿನಲ್ಲಿ ಸರಿಯಾದ ವಿಳಾಸ ಇರುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ "ರೋಮ್" ಎಂಬ ಪದವನ್ನು ನಂಬಿ ವಿಮಾನ, ಹೋಟೆಲ್ ಎಲ್ಲ ಬುಕ್ ಆಗಿರುತ್ತದೆ.

ಹಾಗೆಂದು ಹಡಗಿನವರು ಹೇಳುವುದೆಲ್ಲ ಸುಳ್ಳಲ್ಲ. ಸಮಯದ ವಿಷಯದಲ್ಲಿ ಅವರ ಬಿಗಿ ಪೂರ್ತಿ ಸರಿ, ಅದನ್ನು ಸಡಿಲಿಸಿ ಎಂದು ಯಾರೂ ಕೇಳಬಾರದು. ಅಮೆರಿಕದ ಬಂದರು ಬಿಡುವ ಹಡಗು ಪ್ರಯಾಣಿಕರ ಪಟ್ಟಿಯನ್ನು ಹೊರಡುವುದಕ್ಕೆ 60 ನಿಮಿಷ ಮೊದಲೇ ಗಡಿ ಇಲಾಖೆಗೆ ಕಳಿಸಿರಬೇಕು. ಆ ಪಟ್ಟಿ ಮುಚ್ಚಿದ ಮೇಲೆ ಬಂದವರಿಗೆ, ಹಡಗು ಕಣ್ಣೆದುರಿಗೇ ನಿಂತಿದ್ದರೂ, ಪ್ರವೇಶವಿಲ್ಲ. ಪಟ್ಟಿಗೂ ಸುರಕ್ಷತೆಯ ತಾಲೀಮಿಗೂ ಎಷ್ಟು ಬೆಲೆಯಿದೆ ಎಂಬುದನ್ನು ಕೋಸ್ಟಾ ಕಾಂಕಾರ್ಡಿಯಾ ದುರಂತ ಕಲಿಸಿತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಬಡಿದು ಮಗುಚಿದ ಆ ಹಡಗಿನಲ್ಲಿ 32 ಜನ ಸತ್ತರು. ಅಂದು ಸಂಜೆಯಷ್ಟೇ ಚಿವಿತಾವೆಕ್ಕಿಯಾದಲ್ಲಿ ಹತ್ತಿದ್ದ ನೂರಾರು ಮಂದಿಗೆ ಲೈಫ್ ಜಾಕೆಟ್ ತಾಲೀಮು ಇನ್ನೂ ಆಗಿರಲಿಲ್ಲ. ಆಗಿನ ನಿಯಮದ ಪ್ರಕಾರ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆಮೇಲೆ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ತಾಲೀಮು ಕಡ್ಡಾಯ.

ಇಸ್ತ್ರಿಪೆಟ್ಟಿಗೆ, ವಿದ್ಯುತ್ ಕೆಟಲ್, ರೈಸ್ ಕುಕ್ಕರ್, ಊದುಬತ್ತಿಗಳನ್ನು ಹಡಗಿನವರು ಬ್ಯಾಗಿನಿಂದ ತೆಗೆಸುವುದೂ ಸರಿಯೇ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ಹತ್ತಿದ ಬೆಂಕಿ ಹತ್ತಾರು ರೂಮುಗಳನ್ನು ಸುಟ್ಟು ಒಬ್ಬರ ಜೀವ ತೆಗೆಯಿತು. ಯಾರೋ ಎಸೆದ ಸಿಗರೇಟೇ ಅದಕ್ಕೆ ಕಾರಣವಿರಬೇಕು ಎಂದು ತನಿಖೆ ಹೇಳಿತು. ನಡುಸಮುದ್ರದಲ್ಲಿ ಓಡಿಹೋಗಲು ಬೀದಿಯಿಲ್ಲ. ಗರ್ಭಿಣಿಗೆ ಪ್ರವಾಸದ ನಡುವೆ 24 ವಾರ ತುಂಬುವಂತಿದ್ದರೆ ದೊಡ್ಡ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ಆರು ತಿಂಗಳು ತುಂಬದ ಮಗುವನ್ನೂ ಹತ್ತಿಸಿಕೊಳ್ಳುವುದಿಲ್ಲ. ಇದರ ಹಿಂದೆಯೂ ವೈದ್ಯಕೀಯ ಕಾರಣವಿದೆ. ಪ್ರಶ್ನೆ ಇರುವುದು ಮಗುವಿನ ಹುಟ್ಟಿದ ದಿನಾಂಕವನ್ನು ತಿಂಗಳುಗಳ ಮೊದಲೇ ಬರೆಸಿಕೊಂಡವರು ಅದನ್ನು ಓದಲಿಲ್ಲವೇಕೆ ಎಂಬುದರಲ್ಲಿ.

ನಿಯಮದ ಕಟ್ಟುನಿಟ್ಟು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2024ರ ಮಾರ್ಚ್‌ನ ನಾರ್ವೇಜಿಯನ್ ಡಾನ್ ಹಡಗಿನ ಪ್ರಕರಣವಿದೆ. ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ಪ್ರವಾಸಕ್ಕೆ ಹೋಗಿ ತಡವಾಗಿ ಬಂದ ಎಂಟು ಮಂದಿಯನ್ನು, ಅಲ್ಲಿಯ ಕರಾವಳಿ ಕಾವಲಿನವರು ದೋಣಿಯಲ್ಲಿ ಹಡಗಿನ ಹತ್ತಿರಕ್ಕೇ ತಂದರೂ, ಹತ್ತಿಸಿಕೊಳ್ಳಲಿಲ್ಲ. ಹಲವು ದೇಶ ದಾಟಿಕೊಂಡು ಅವರು ಗ್ಯಾಂಬಿಯಾ ತಲುಪಿದರೆ ನೀರಿನ ಮಟ್ಟ ಸಾಲದೆ ಹಡಗು ಅಲ್ಲಿಗೆ ಬರಲಿಲ್ಲ. ಕೊನೆಗೆ ಸೆನೆಗಲ್‌ನಲ್ಲಿ ಸೇರಿಕೊಂಡರು. ತಡವಾದದ್ದಕ್ಕೆ ಅವರೇ ಹೊಣೆ ಎಂದು ಲೋಕವೆಲ್ಲ ತೀರ್ಪು ಕೊಟ್ಟಿತು, ಆ ತೀರ್ಪಿನಲ್ಲಿ ಸತ್ಯವೂ ಇತ್ತು. ಆದರೆ ಅದೊಂದು ಪ್ರಕರಣದ ತೀರ್ಪನ್ನು ತಂದು, ಸಿಯಾಟಲ್ ಕೌಂಟರಿನಲ್ಲಿ ಸಮಯಕ್ಕೆ ಮೊದಲೇ ಬಂದು ನಿಂತ ದಾವಣಗೆರೆಯ ದಂಪತಿಯ ಮೇಲೂ ಹೊರಿಸುವುದು ತರವಲ್ಲ.

ತಡವಾಗುವುದರಲ್ಲೂ ಮಾರುವವರ ಪಾಲು ಇರಬಹುದು. ಹಡಗು ಹೊರಡುವ ದಿನವೇ ಬೆಳಗಿನ ವಿಮಾನದಲ್ಲಿ ಇಳಿಸುವ ಪ್ಯಾಕೇಜಿನಲ್ಲಿ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿದು ಬೆಲೆ ಕಡಿಮೆ ಕಾಣುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ದೋಷದಿಂದ ಜಗತ್ತಿನಾದ್ಯಂತ ವಿಮಾನಗಳು ನಿಂತವು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಬೆಂಗಳೂರು ನಿಲ್ದಾಣದಲ್ಲಿ ಜನ ನೆಲದ ಮೇಲೆ ಕಾದು ಕೂತರು. ಇಂಥದ್ದು ಆಗುತ್ತದೆಂದು ಉದ್ದಿಮೆಯಲ್ಲಿ ಇರುವವರಿಗೆ ಗೊತ್ತು. ಒಂದು ದಿನ ಮೊದಲು ತಲುಪಿ ಎಂಬುದು ಅನುಭವಿಗಳ ಹಳೆಯ ಬುದ್ಧಿಮಾತು. ಅದನ್ನು ಪ್ಯಾಕೇಜಿನ ಒಳಗೇ ಸೇರಿಸಬಹುದಾದವರು ಸೇರಿಸದೆ, ಆಮೇಲೆ ಪ್ರಯಾಣಿಕನಿಗೆ ಬುದ್ಧಿ ಹೇಳಬಾರದು.

"ಎಲ್ಲ ಒಪ್ಪಂದದಲ್ಲಿದೆ" ಎಂಬುದು ಕಂಪನಿಗಳ ಕೊನೆಯ ಗುರಾಣಿ. ಅದು ಹಳೆಯದೂ ಹೌದು, ಗಟ್ಟಿಯೂ ಹೌದು. ವಾಷಿಂಗ್ಟನ್ ರಾಜ್ಯದ ದಂಪತಿ ಏಜೆಂಟ್ ಮೂಲಕ ಟಿಕೆಟ್ ಕೊಂಡು ಮೆಕ್ಸಿಕೋ ಕಡೆಗೆ ಹೋಗಿದ್ದಾಗ ಹೆಂಡತಿ ಹಡಗಿನಲ್ಲಿ ಜಾರಿ ಬಿದ್ದು ಗಾಯಗೊಂಡರು. ವ್ಯಾಜ್ಯವಿದ್ದರೆ ಫ್ಲೋರಿಡಾದಲ್ಲೇ ಹೂಡಬೇಕು ಎಂಬ ಷರತ್ತು, ಹಣ ಕಟ್ಟಿದ ಮೇಲೆ ಕೈಸೇರಿದ ಟಿಕೆಟಿನಲ್ಲಿ ಅಚ್ಚಾಗಿತ್ತು. ಕಾರ್ನಿವಲ್ ಕ್ರೂಸ್ ಲೈನ್ಸ್ ವಿರುದ್ಧ ಶೂಟ್ ಎಂಬ ಈ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಆ ಷರತ್ತನ್ನು ಎತ್ತಿಹಿಡಿಯಿತು. ಪ್ರಯಾಣ ದಾಖಲೆಗಳ ಪೂರ್ಣ ಹೊಣೆ ಪ್ರಯಾಣಿಕನದೇ ಎಂಬ ಸಾಲೂ ಇಂಥದೇ ಟಿಕೆಟ್ ಒಪ್ಪಂದಗಳ ಒಳಗೆ ಕೂತಿದೆ.

ಇದೊಂದೇ ದಾರಿ ಎಂದು ನಂಬಬೇಕಾಗಿಲ್ಲ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನ ಇದನ್ನು ತಲೆಕೆಳಗು ಮಾಡಿತು. ಪಾಸ್‌ಪೋರ್ಟ್, ವೀಸಾ ಅಗತ್ಯಗಳೇನು, ವೀಸಾ ಸಿಗಲು ಅಂದಾಜು ಎಷ್ಟು ಕಾಲ ಬೇಕು ಎಂಬ ಸಾಮಾನ್ಯ ಮಾಹಿತಿಯನ್ನು ಒಪ್ಪಂದ ಆಗುವ ಮೊದಲೇ ಮಾರುವವರು ಕೊಡಬೇಕು. ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆಯೂ ಅವರದೇ. ಯುರೋಪಿನಲ್ಲಿ ಇಂಥ ಕಾನೂನು ಬಂದಮೇಲೂ ಕ್ರೂಸ್ ವ್ಯಾಪಾರ ನಡೆಯುತ್ತಲೇ ಇದೆ. ಭಾರತದಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದ ಎಂಬುದನ್ನು ಗುರುತಿಸಿ, ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಲು ಅವಕಾಶ ಮಾಡಿದೆ. ಅದೇ ವರ್ಷ ಪಯೋನೀರ್ ಅರ್ಬನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಲ್ಡರ್ ಒಬ್ಬರೇ ಬರೆದ ಏಕಪಕ್ಷೀಯ ಷರತ್ತುಗಳಿಗೆ ಮನೆ ಕೊಂಡವರನ್ನು ಕಟ್ಟಿಹಾಕಲಾಗದು ಎಂದಿತು. ಅದು ಫ್ಲ್ಯಾಟಿನ ವ್ಯಾಜ್ಯವಾದರೂ, ಚುಕ್ಕಿಗೆರೆಯ ಮೇಲೆ ಸಹಿ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲದ ಗ್ರಾಹಕನ ಸ್ಥಿತಿ ಹಡಗಿನ ಟಿಕೆಟ್ ಕೊಂಡವನದೂ ಹೌದು.

ಸಣ್ಣ ಏಜೆಂಟಿಗೆ ಇಷ್ಟು ದೇಶಗಳ ನಿಯಮ ತಿಳಿದಿರಲು ಸಾಧ್ಯವೇ ಎಂಬ ಆಕ್ಷೇಪಕ್ಕೆ ತೂಕವಿದೆ. ವಿಮಾನ ಕಂಪನಿಗಳು ಇದನ್ನು ಎಂದೋ ಬಗೆಹರಿಸಿಕೊಂಡಿವೆ. ಟಿಮ್ಯಾಟಿಕ್ ಎಂಬ ದತ್ತಾಂಶ ಕೋಶದಲ್ಲಿ ಪೌರತ್ವ ಮತ್ತು ಗಮ್ಯ ಹಾಕಿದರೆ ಬೇಕಾದ ವೀಸಾ ತಿಳಿಯುತ್ತದೆ. ದಾಖಲೆಯಿಲ್ಲದವರನ್ನು ಕರೆತಂದರೆ ಅಮೆರಿಕದಂಥ ದೇಶಗಳು ಸಾಗಣೆದಾರರಿಗೇ ದಂಡ ಹಾಕುತ್ತವೆ, ಅದಕ್ಕಾಗಿ ಹಡಗಿನವರು ಕೌಂಟರಿನಲ್ಲಿ ಅಷ್ಟು ಚುರುಕು. ಆ ಚುರುಕುತನವನ್ನು ಕ್ರೆಡಿಟ್ ಕಾರ್ಡ್ ಉಜ್ಜುವ ಹೊತ್ತಿಗೂ ತರುವುದಕ್ಕೆ ಅಡ್ಡಿಯಾಗಿರುವುದು, ವ್ಯಾಪಾರ ತಪ್ಪೀತೆಂಬ ಅಂಜಿಕೆ.

ಯುರೋಪಿನಂಥ ಕಾನೂನು ನಮ್ಮಲ್ಲೂ ಬರುವವರೆಗೆ ಕೊಳ್ಳುವವರ ಕೈಯಲ್ಲಿರುವುದು ಹಣ ಕಟ್ಟುವ ಮೊದಲಿನ ಒಂದು ಇಮೇಲ್. ಪ್ರತಿಯೊಬ್ಬ ಪ್ರಯಾಣಿಕರ ಪಾಸ್‌ಪೋರ್ಟ್ ಪುಟ, ಇರುವ ವೀಸಾಗಳ ಪುಟ ಲಗತ್ತಿಸಿ, ಇಂಥ ತಾರೀಖಿನ ಇಂಥ ಹಡಗಿಗೆ ಇವು ಸಾಕೇ, ಸಾಲದಿದ್ದರೆ ಏನು ಬೇಕು, ಟಿಕೆಟಿನಲ್ಲಿ ಹೆಸರು ಹೇಗೆ ಬರೆಯುತ್ತೀರಿ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು. ಮೊಮ್ಮಕ್ಕಳನ್ನು ಅಜ್ಜ ಅಜ್ಜಿ ಕರೆದೊಯ್ಯುವುದಾದರೆ ತಂದೆತಾಯಿಯ ಒಪ್ಪಿಗೆ ಪತ್ರ ಹೇಗಿರಬೇಕೆಂದೂ ಅದರಲ್ಲೇ ಕೇಳಬೇಕು. ಬಾಯಿಮಾತಿನ "ಏನೂ ತೊಂದರೆಯಿಲ್ಲ" ಗ್ರಾಹಕ ಆಯೋಗದ ಮುಂದೆ ಅಷ್ಟಾಗಿ ನಿಲ್ಲುವುದಿಲ್ಲ, ಇಮೇಲ್ ನಿಲ್ಲುತ್ತದೆ. ಉತ್ತರ ಕೊಡಲು ಒಪ್ಪದ ಏಜೆನ್ಸಿಗೆ ಮುಂಗಡ ಕೊಡುವ ಅಗತ್ಯವಿಲ್ಲ.

ಟಿಕೆಟ್ ಕೊಂಡ ಮೇಲೆ ನಿಯಮ ಬದಲಾದರೆ ಹೇಳುವ ಹೊಣೆ ಯಾರದು ಎಂಬುದೂ ಆ ಉತ್ತರದಲ್ಲಿ ಇರಬೇಕು. ಥಾಯ್ಲೆಂಡ್ 2025ರ ಮೇ 1ರಿಂದ ವಿಮಾನ, ರಸ್ತೆ, ಸಮುದ್ರ ಯಾವ ದಾರಿಯಲ್ಲಿ ಬರುವ ವಿದೇಶಿಯರಿಗೂ ಡಿಜಿಟಲ್ ಆಗಮನ ಕಾರ್ಡ್ ಜಾರಿಗೆ ತಂದಿತು. ಆ ವರ್ಷದ ಜನವರಿಯಲ್ಲಿ ಫುಕೆಟ್ ಮುಟ್ಟುವ ಹಡಗಿಗೆ ಹಣ ಕಟ್ಟಿದವರ ಟಿಕೆಟಿನಲ್ಲಿ ಅದರ ಸುಳಿವಿರಲು ಸಾಧ್ಯವೇ ಇರಲಿಲ್ಲ. ಕಂಪನಿಯ ಬಳಿ ಪ್ರತಿಯೊಬ್ಬರ ಮೊಬೈಲ್ ನಂಬರ್ ಇತ್ತು.